ಐದು ಯುರೋ ಕೊಟ್ಟರೆ ಕರಗುವ ಜನಸಂದಣಿ

ವೆನಿಸ್ ನಗರಸಭೆಯವರು ಜನಸಂದಣಿಗೆ ಔಷಧವೊಂದನ್ನು ಕಂಡುಹಿಡಿದಿದ್ದಾರೆ. ಬರುವವರ ಸಂಖ್ಯೆಗೆ ಮಿತಿ ಹಾಕುವ ಒರಟು ಉಪಾಯ ಅದಲ್ಲ; ಬರುವವರೆಲ್ಲ ಧಾರಾಳವಾಗಿ ಬರಲಿ, ಆದರೆ ತಲೆಗೆ 5 ಯುರೋ ಇಟ್ಟು ಬರಲಿ ಎಂಬ ನಯವಾದ ಉಪಾಯ. ಇಟಲಿಯು ಫ್ಯಾಸಿಸ್ಟರ ಕೈಯಿಂದ ಬಿಡುಗಡೆಗೊಂಡ ನೆನಪಿನ ದಿನವೂ ಊರಿನ ಪೋಷಕ ಸಂತ ಮಾರ್ಕನ ಹಬ್ಬವೂ ಒಟ್ಟಿಗೆ ಬೀಳುವ ಏಪ್ರಿಲ್ 25ನ್ನೇ ಆರಿಸಿ, 2024ರಲ್ಲಿ ಈ ಪ್ರವೇಶ ಶುಲ್ಕವನ್ನು ಜಾರಿಗೆ ತಂದರು. ಆ ವರ್ಷ 29 ದಿನ ವಸೂಲಿ ನಡೆದು, ಸುಮಾರು 24 ಲಕ್ಷ ಯುರೋ ಬೊಕ್ಕಸಕ್ಕೆ ಬಂತು. ಸಂದಣಿ ಎಷ್ಟು ಕರಗಿತೆಂದು ಕೇಳುವುದು ಅಸಭ್ಯತೆ. ಔಷಧದ ಗುಣ ಗೊತ್ತಾದುದರಿಂದಲೇ ಇರಬೇಕು, 2025ರಲ್ಲಿ ಅದನ್ನು 54 ದಿನಗಳಿಗೆ ಏರಿಸಿ, ಕೊನೆಯ ಗಳಿಗೆಯಲ್ಲಿ ಮನಸ್ಸು ಮಾಡಿದವರಿಗೆ 10 ಯುರೋ ಎಂದು ನಿಗದಿಪಡಿಸಿದರು.

ಯುನೆಸ್ಕೊ ಸಂಸ್ಥೆಯ ತಜ್ಞರು ವೆನಿಸನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಬೇಕೆಂದು 2023ರಲ್ಲಿ ಶಿಫಾರಸು ಮಾಡಿದ್ದರು. ಆ ಸಂಸ್ಥೆಯ ವಿಶ್ವ ಪರಂಪರೆ ಸಮಿತಿ ತೀರ್ಮಾನ ಕೈಗೊಳ್ಳುವುದಕ್ಕೆ ಎರಡು ದಿನ ಮುಂಚೆ ನಗರಸಭೆ ಈ ಶುಲ್ಕಕ್ಕೆ ಒಪ್ಪಿಗೆ ನೀಡಿತು, ವೆನಿಸ್ ಪಟ್ಟಿಗೆ ಸೇರಲಿಲ್ಲ. ಚೀಟಿ ಬರೆದ ಮಾತ್ರಕ್ಕೇ ರೋಗಿ ಎದ್ದು ಕೂತ ಉದಾಹರಣೆ ವೈದ್ಯಶಾಸ್ತ್ರದಲ್ಲಿ ಬೇರೆ ಸಿಗಲಾರದು.

ಶುಲ್ಕದ ವೇಳೆ ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ. 3.59ಕ್ಕೆ ಸಾಂತಾ ಲೂಚಿಯಾ ರೈಲು ನಿಲ್ದಾಣದಿಂದ ಹೊರಬಂದವನು ಸಾವಿರ ವರ್ಷಗಳ ನಗರವನ್ನು ತುಳಿದು ಹಾಳುಮಾಡುವ ಸಂದಣಿಯ ಪಾಲುದಾರ. ಎರಡು ನಿಮಿಷ ತಡವಾಗಿ ಹೊರಬಂದವನು ಗೌರವಾನ್ವಿತ ಅತಿಥಿ. ಗುಂಪಿನ ವ್ಯಾಖ್ಯೆಯೂ ಇಷ್ಟೇ ಸೂಕ್ಷ್ಮವಾಗಿದೆ. ಮಾರ್ಗದರ್ಶಿಯ ಹಿಂದೆ 25ಕ್ಕಿಂತ ಹೆಚ್ಚು ಜನ ನಡೆಯಬಾರದೆಂದು 2024ರಲ್ಲಿ ನಿಯಮ ಬಂತು. ಇಪ್ಪತ್ತಾರನೆಯವನು ನಾಲ್ಕು ಹೆಜ್ಜೆ ಹಿಂದೆ ಬಿದ್ದು, ಅಂಗಡಿಯ ಗಾಜಿನ ಹಿಂದಿನ ಮುಖವಾಡಗಳನ್ನು ನೋಡುವವನಂತೆ ನಟಿಸಿದರೆ, ಒಬ್ಬಂಟಿ ಪ್ರವಾಸಿಯೊಬ್ಬ ಅಲ್ಲಿಯೇ ಹುಟ್ಟಿದಂತಾಯಿತು.

ಇನ್ನು ವಿನಾಯಿತಿಗಳ ಅಧ್ಯಾಯ. ಊರಿನ ನಿವಾಸಿಗಳು, ಅಲ್ಲಿ ಹುಟ್ಟಿದವರು, ಕೆಲಸಕ್ಕೆ ಅಥವಾ ಓದಿಗೆ ಬರುವವರು, ಹದಿನಾಲ್ಕು ತುಂಬದ ಮಕ್ಕಳು, ವೆನಿಸ್ ಸೇರಿರುವ ವೆನೆತೊ ಪ್ರಾಂತದವರು, ನಗರಸಭೆಯ ಎಲ್ಲೆಯೊಳಗೆ ರಾತ್ರಿ ತಂಗುವವರು, ಇವರಾರೂ ಶುಲ್ಕ ಕೊಡಬೇಕಿಲ್ಲ. ನಿವಾಸಿಗಳ ಬಂಧುಗಳಿಗೂ ವಿನಾಯಿತಿ ಉಂಟು, ಆದರೆ ಮೂರನೆಯ ಹಂತದ ನಂಟಿನವರೆಗೆ ಮಾತ್ರ. ಇಟಲಿಯ ಕಾನೂನಿನ ಲೆಕ್ಕದಲ್ಲಿ ಚಿಕ್ಕಪ್ಪ ಮೂರನೆಯ ಹಂತ, ಚಿಕ್ಕಪ್ಪನ ಮಗ ನಾಲ್ಕನೆಯದು. ಆದಕಾರಣ ಅಪ್ಪ ಮಗ ಇಬ್ಬರೂ ಒಂದೇ ರೈಲಿನಲ್ಲಿ ಬಂದಿಳಿದರೆ, ಅಪ್ಪ ಕರುಳಬಳ್ಳಿ, ಮಗ ಪ್ರವಾಸಿ. ಹೆಂಡತಿಯ ತಮ್ಮನಿಗೆ ಮಾತ್ರ ಅಲ್ಲಿಯೂ ಬಾಗಿಲು ಸದಾ ತೆರೆದಿದೆ. ಭಾವಮೈದುನರ ಪ್ರಭಾವ ಇಷ್ಟು ದೂರ ಹಬ್ಬಿರುವುದನ್ನು ತಿಳಿದು ನಮ್ಮವರು ಹೆಮ್ಮೆಪಡಬಹುದು.

ಈ ಅಧ್ಯಾಯದ ನಿಜವಾದ ನಾಯಕನೆಂದರೆ ಬೆನ್ನಿಗೊಂದು ಚೀಲ ಏರಿಸಿ, ಹಾಸ್ಟೆಲಿನಲ್ಲೊಂದು ಮಂಚ ಹಿಡಿದು, ಒಬ್ಬನೇ ಅಲೆಯುವ ಪ್ರವಾಸಿ. ಹಳೆಯ ನಗರವಿರುವ ದ್ವೀಪದ ಬಾಡಿಗೆ ಕೈಗೆಟುಕದೆ ಅವನು ಸಾಮಾನ್ಯವಾಗಿ ತಂಗುವುದು ಸೇತುವೆಯಾಚೆಯ ದಡದಲ್ಲಿರುವ ಮೆಸ್ತ್ರೆಯಲ್ಲಿ. ಮೆಸ್ತ್ರೆಯಲ್ಲಿ ಕಾಲುವೆಗಳ ಸೊಬಗಾಗಲಿ ಗೊಂಡೊಲಾ ಎಂಬ ದೋಣಿಗಳಾಗಲಿ ಇಲ್ಲ; ನಿಲ್ದಾಣದ ಪಕ್ಕದ ದೊಡ್ಡ ಹಾಸ್ಟೆಲುಗಳ ಕಿಟಕಿಯಿಂದ ರೈಲುಹಳಿಗಳು ಕಾಣುತ್ತವೆ. ಆದರೂ ಅದು ವೆನಿಸ್ ನಗರಸಭೆಯ ಎಲ್ಲೆಯೊಳಗೇ ಇರುವುದರಿಂದ ಅಲ್ಲಿ ಮಲಗಿದವನು ಕಾನೂನಿನ ಪ್ರಕಾರ ವೆನಿಸ್‌ನಲ್ಲಿ ಮಲಗಿದವನೇ ಸರಿ. ರಾತ್ರಿಯ ಲೆಕ್ಕದಲ್ಲಿ ವಸತಿ ತೆರಿಗೆ ಕಟ್ಟಿರುವುದರಿಂದ ಅವನು ಪ್ರವೇಶ ಶುಲ್ಕ ಕೊಡಬೇಕಿಲ್ಲ. ಆದರೆ ಕೊಡಬೇಕಿಲ್ಲ ಎಂಬುದನ್ನು ಸಾಬೀತುಪಡಿಸುವ ಕ್ಯೂಆರ್ ಕೋಡನ್ನು ಅವನು ಮೊದಲೇ ನೋಂದಾಯಿಸಿ ಪಡೆದು ಕಿಸೆಯಲ್ಲಿಟ್ಟುಕೊಂಡಿರಬೇಕು. ಸಿಕ್ಕಿಬಿದ್ದವರಿಗೆ ದಂಡ 50ರಿಂದ 300 ಯುರೋ. ಎಂಟು ಮಂಚಗಳ ಡಾರ್ಮಿಟರಿಯಲ್ಲಿ, ಕೆಳಗಿನ ಮಂಚದವನ ಗೊರಕೆಯ ನಡುವೆ, ಮೊಬೈಲಿನ ಬೆಳಕಿನಲ್ಲಿ, ತಾನು ಇಲ್ಲಿಯೇ ಮಲಗಿದ್ದೇನೆಂದು ಸರ್ಕಾರಕ್ಕೆ ಅರ್ಜಿ ಸಲ್ಲಿಸುವುದು ಸ್ವತಂತ್ರ ಪ್ರವಾಸದ ಮೊದಲ ಸುಖ.

ಎರಡನೆಯ ಸುಖ ದೋಣಿಯದು. ಗೊಂಡೊಲಾದ ಅಧಿಕೃತ ದರ ಹಗಲಿನಲ್ಲಿ 30 ನಿಮಿಷಕ್ಕೆ 90 ಯುರೋ, ಮತ್ತು ಅದು ತಲೆಗಲ್ಲ, ದೋಣಿಗೆ. ಐವರು ಕೂತರೆ ಹಂಚಿಕೊಳ್ಳಬಹುದು. ಒಬ್ಬಂಟಿಯಾದವನು ಉಳಿದ ನಾಲ್ಕು ಖಾಲಿ ಜಾಗಗಳಿಗೂ ತಾನೇ ತೆರಬೇಕು. ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಶುಲ್ಕವೂ 90 ಯುರೋ. ಇಪ್ಪತ್ತೊಂಬತ್ತು ದೇಶಗಳ ಬಾಗಿಲು ತಟ್ಟುವುದಕ್ಕೂ ಅರ್ಧ ಗಂಟೆ ದೋಣಿಯಲ್ಲಿ ಕೂರುವುದಕ್ಕೂ ಒಂದೇ ಬೆಲೆಯೆಂದಾದರೆ, ಯುರೋಪು ಅಗ್ಗವೋ ಗೊಂಡೊಲಾ ತುಟ್ಟಿಯೋ ಎಂಬುದನ್ನು ಓದುಗರೇ ನಿರ್ಧರಿಸಲಿ. ಬುದ್ಧಿವಂತ ಹಾಸ್ಟೆಲುವಾಸಿಗಳು 75 ನಿಮಿಷಕ್ಕೆ 9.50 ಯುರೋ ತೆತ್ತು ವಪೊರೆಟ್ಟೊ ಎಂಬ ಜಲಬಸ್ಸಿನಲ್ಲಿ ನಿಂತು ಹೋಗುತ್ತಾರೆ. ಅಲ್ಲಿ ಒಂಟಿತನದ ಪ್ರಶ್ನೆಯೇ ಏಳದು, ಏಕೆಂದರೆ ಉಸಿರಾಡುವುದಕ್ಕೂ ಅಕ್ಕಪಕ್ಕದವರ ಅನುಮತಿ ಬೇಕು.

ಹಾಸ್ಟೆಲಿನ ಅಡುಗೆಮನೆಯಲ್ಲಿ ಕುದಿಸಿದ ಕಾಫಿ ಬಹುತೇಕ ಪುಕ್ಕಟೆ. 2019ರ ಜುಲೈಯಲ್ಲಿ ಜರ್ಮನಿಯ ಇಬ್ಬರು ಬೆನ್ನುಚೀಲದ ಪ್ರವಾಸಿಗಳು ಅದೇ ಭ್ರಮೆಯಲ್ಲಿ, 1591ರಲ್ಲಿ ಕಟ್ಟಿ ಮುಗಿಸಿದ ರಿಯಾಲ್ತೊ ಸೇತುವೆಯ ಮೆಟ್ಟಿಲ ಬಳಿ ತಮ್ಮ ಸಣ್ಣ ಒಲೆ ಹಚ್ಚಿ ಕಾಫಿ ಮಾಡಿಕೊಂಡರು. ಪೊಲೀಸರು 950 ಯುರೋ ದಂಡ ಹಾಕಿ ಊರು ಬಿಡಿಸಿದರು. ಸೇತುವೆಯ ಮೇಲೆ ಒಲೆ ಹೊತ್ತಿಸುವುದು ತಪ್ಪೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಂತ ಮಾರ್ಕನ ಚೌಕದ ಹಳೆಯ ಕಾಫಿಗೃಹಗಳಲ್ಲಿ ಕಾಫಿಯ ಬೆಲೆಯ ಜೊತೆಗೆ ವಾದ್ಯವೃಂದ ಕಿವಿಗೆ ಬಿದ್ದದ್ದಕ್ಕೂ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಿರುವ ಊರಿನಲ್ಲಿ, ಸ್ವಂತ ಕಾಫಿ ಕುದಿಸುವುದು ಪರಂಪರೆಗಿಂತ ಹೆಚ್ಚಾಗಿ ವ್ಯಾಪಾರಕ್ಕೆ ಎಸಗಿದ ದ್ರೋಹವೆನ್ನಬೇಕು.

ಸಮಾನತೆ ಇಲ್ಲವೆಂದು ಮಾತ್ರ ಯಾರೂ ದೂರುವಂತಿಲ್ಲ. 2025ರ ಜೂನ್ ಕೊನೆಯಲ್ಲಿ ಅಮೆಜಾನ್ ಸಂಸ್ಥಾಪಕ ಜೆಫ್ ಬೆಜೋಸ್ ಅವರ ಮದುವೆ ವೆನಿಸ್‌ನಲ್ಲಿ ನಡೆಯಿತು. ಊರಿನ ಕೆಲವರು ಪ್ರತಿಭಟಿಸಿದರು, ನಗರಸಭೆ ಸಂತೋಷಪಟ್ಟಿತು. ಆ ಮದುವೆಗೆ ಬಂದು ವೈಭವದ ಹೋಟೆಲುಗಳಲ್ಲಿ ತಂಗಿದ ಅತಿಥಿಗಳಿಗೂ, ರಾತ್ರಿ ತಂಗುವವರೆಂಬ ಅದೇ ನಿಯಮದಂತೆ, ಪ್ರವೇಶ ಶುಲ್ಕವಿಲ್ಲ. ಐದು ಯುರೋ ಕೊಡಬೇಕಾದವನು ಪಕ್ಕದ ಪ್ರಾಂತದ ಬೊಲೋನ್ಯಾದಿಂದ ರೊಟ್ಟಿ ಕಟ್ಟಿಕೊಂಡು ಬೆಳಗಿನ ರೈಲಿನಲ್ಲಿ ಬಂದು ಸಂಜೆ ಮರಳುವ ಶಾಲಾ ಮಾಸ್ತರ. ಮೇಲಿನ ಮಂಚದವನನ್ನೂ ಮಹಾ ಧನಿಕರ ಅತಿಥಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಕಾನೂನು ಇದಕ್ಕಿಂತ ಸಮಾಜವಾದಿ ಆಗುವುದಾದರೂ ಹೇಗೆ?

ಈ ನಡುವೆ ಮಂಚಗಳದ್ದೇ ಒಂದು ಪ್ರತ್ಯೇಕ ಲೆಕ್ಕ ನಡೆದಿದೆ. ರಿಯಾಲ್ತೊ ಸಮೀಪದ ಸಾನ್ ಬಾರ್ತೊಲೊಮಿಯೊ ಚೌಕದ ಔಷಧದಂಗಡಿಯೊಂದರ ಕಿಟಕಿಯಲ್ಲಿ 2008ರಿಂದ ಒಂದು ಫಲಕ ಬೆಳಗುತ್ತಿದೆ. ಹಳೆಯ ನಗರದಲ್ಲಿ ಎಷ್ಟು ನಿವಾಸಿಗಳು ಉಳಿದಿದ್ದಾರೆಂದು ಅದು ಹೇಳುತ್ತದೆ. 1951ರಲ್ಲಿ ಸುಮಾರು 1,75,000 ಇದ್ದ ಆ ಸಂಖ್ಯೆ 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು. ಸಾಂತಾ ಮಾರ್ಗರಿತಾ ಚೌಕದ ಪುಸ್ತಕದಂಗಡಿಯವರು ಪ್ರವಾಸಿಗರ ಮಂಚಗಳನ್ನು ಎಣಿಸುವ ಇನ್ನೊಂದು ಫಲಕ ಹಾಕಿದರು. 2023ರ ಸೆಪ್ಟೆಂಬರಿನಲ್ಲಿ ಮಂಚಗಳು ಮನುಷ್ಯರನ್ನು ಹಿಂದಿಕ್ಕಿದವು. ಮನೆಗಳೆಲ್ಲ ದಿನಬಾಡಿಗೆಯ ಕೋಣೆಗಳಾಗಿ, ಬಾಡಿಗೆ ಕಟ್ಟಲಾಗದ ಜನ ಸೇತುವೆ ದಾಟಿ ಮೆಸ್ತ್ರೆಗೆ ಹೋದ ಫಲ ಇದು. ಹೀಗೆ ಊರಿನವನು ಮೆಸ್ತ್ರೆಯಿಂದ ಬೆಳಗಿನ ರೈಲು ಹಿಡಿದು ದ್ವೀಪದ ಹೋಟೆಲಿನ ಹಾಸಿಗೆ ಹಾಸಲು ಬರುವಾಗ, ಮೆಸ್ತ್ರೆಯ ಹಾಸ್ಟೆಲುವಾಸಿ ವೆನಿಸಿಗರ ಬದುಕನ್ನು ಹತ್ತಿರದಿಂದ ನೋಡಲು ಅದೇ ಬೋಗಿಯಲ್ಲಿ ಅವನ ಪಕ್ಕದಲ್ಲೇ ಕೂತಿರುತ್ತಾನೆ. ಇಬ್ಬರಲ್ಲಿ ಫೋಟೊ ತೆಗೆಯುವುದು ಮಾತ್ರ ಒಬ್ಬನೇ, ಅದೂ ಕಿಟಕಿಯಾಚೆಯದನ್ನು.

ನಗರಸಭೆಗೆ ನಮ್ಮದೊಂದು ವಿನಮ್ರ ಸಲಹೆ. ಎರಡು ಅಂಗಡಿಗಳ ಎರಡು ಫಲಕಗಳನ್ನು ಕೂಡಿಸಿ ಒಂದೇ ಮಾಡಬೇಕು, ಮಂಚದಲ್ಲಿರುವವನನ್ನೂ ನಿವಾಸಿಯೆಂದೇ ಎಣಿಸಬೇಕು. ಒಂದೇ ರಾತ್ರಿಯಲ್ಲಿ ಜನಸಂಖ್ಯೆ ಇಮ್ಮಡಿಯಾಗಿ, ಊರು ಖಾಲಿಯಾಗುತ್ತಿದೆಯೆಂಬ ಆಪಾದನೆ ತೊಲಗುತ್ತದೆ, ಯುನೆಸ್ಕೊದವರೂ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಹೇಗೂ ವಸತಿ ತೆರಿಗೆ ಕಟ್ಟುವವರಾದ್ದರಿಂದ ಇವರಿಗೆ ಮೇಯರ್ ಚುನಾವಣೆಯಲ್ಲಿ ಮತದಾನದ ಹಕ್ಕನ್ನೂ ಕೊಡಬಹುದು. ಷರತ್ತು ಒಂದೇ: ಬೆಳಿಗ್ಗೆ 10ಕ್ಕೆ ಚೆಕ್‌ಔಟ್ ಆದ್ದರಿಂದ ಅಷ್ಟರೊಳಗೆ ಮತ ಹಾಕಿ, ಬೆಡ್‌ಶೀಟನ್ನು ಮಡಚಿ ಕೌಂಟರಿನಲ್ಲಿ ಒಪ್ಪಿಸಿರಬೇಕು.