ಅಲಗು ಮುಟ್ಟಬೇಡಿ ಮಾರಾಯ್ರೆ

ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧ ಪೂಜೆಯ ಹಬ್ಬದ ಊಟ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಹೊಟ್ಟೆ ತುಂಬ ಕಡಂಬುಟ್ಟು, ಪಂದಿಕರಿ. ತಲೆ ತುಂಬ ಸಿಟ್ಟು.

ಹಳೇ ಚಾಕುಗಳಿಗೆ ಹೊಸ ಹಿಡಿ ಹಾಕುವ ಹುಚ್ಚು ನನಗೆ. ನೆಂಟರ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ನೆಲ್ಲಕ್ಕಿ, ಅಂದರೆ ನಡುಮನೆಯ ದೀಪದ ಹತ್ತಿರ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಇಟ್ಟು ತೋಕ್‌ಪೂ (ಕೋವಿ ಹೂ) ಏರಿಸಿದ್ದರು. ಪೀಚೆಕತ್ತಿ ಪಕ್ಕದಲ್ಲಿ ಒಂದು ಪುಟ್ಟ ಮಡಚುವ ಚಾಕು. ಅವರ ಮುತ್ತಜ್ಜ ದೊರೆಗಳ ಎಸ್ಟೇಟಿನಲ್ಲಿ ರೈಟರ್ ಆಗಿದ್ದಾಗ ಸಿಕ್ಕಿದ್ದು. ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿಯದು. ಮೊದಲು ಅದರ ಅಲಗಿನ ಬುಡದಲ್ಲಿ ಮುದ್ರೆ ಇತ್ತು: ನಕ್ಷತ್ರ, ಶಿಲುಬೆ, ಒಂದು ಸಣ್ಣ ಕಿರೀಟ, ಅದರ ಆಚೀಚೆ ವಿ ಮತ್ತು ಆರ್. ವಿಕ್ಟೋರಿಯಾ ರೆಜೈನಾ, ಅಂದರೆ ವಿಕ್ಟೋರಿಯಾ ರಾಣಿ. ಆಕೆ ತೀರಿಕೊಂಡಿದ್ದು 1901ರಲ್ಲಿ. ಹಳೇ ಚಾಕುವಿನ ವಯಸ್ಸು ಹೇಳೋಕೆ ನಮಗಿರುವ ಜಾತಕ ಇಂಥ ಮುದ್ರೆಗಳೇ.

ಇವತ್ತು ನೋಡಿದರೆ ಜಾತಕವೇ ಇಲ್ಲ! ಅಲಗು ಸ್ಟೀಲ್ ಚಮಚದ ಹಾಗೆ ಫಳಫಳ. "ಹಬ್ಬಕ್ಕೆ ಅಂತ ಸಾಣೆ ಹಿಡಿಸಿ ಪಾಲಿಶ್ ಮಾಡಿಸಿದೆ, ಹೇಗಿದೆ?" ಅಂದರು. 150 ರೂಪಾಯಿ ಕೊಟ್ಟರಂತೆ. ಚೆನ್ನಾಗಿದೆ ಅಂದೆ. ಹಬ್ಬದ ಮನೆಯಲ್ಲಿ ಇನ್ನೇನು ಹೇಳಲಿ?

ಹಳೇ ಕಾರ್ಬನ್ ಸ್ಟೀಲು ಕಿತ್ತಳೆ, ನಿಂಬೆ ಕೊಯ್ದು ಕೊಯ್ದು ಬೂದುಗಪ್ಪಾಗುತ್ತದೆ. ಜನ ಅದನ್ನ ಕೊಳೆ ಅಂದುಕೊಳ್ಳುತ್ತಾರೆ. ಕೆಂಪು ತುಕ್ಕು ಅಲಗನ್ನು ತಿನ್ನುತ್ತದೆ, ಈ ಕಪ್ಪು ಆ ತುಕ್ಕನ್ನೇ ಒಂದಷ್ಟು ತಡೆಯುತ್ತದೆ. ನಾಲ್ಕು ತಲೆಮಾರು ಕೂಡಿಸಿದ್ದನ್ನು ಸಾಣೆಯವನು ನಾಲ್ಕು ನಿಮಿಷದಲ್ಲಿ ಎತ್ತಿಬಿಟ್ಟ. ತುಕ್ಕಿದ್ದರೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಿತ್ತಾಳೆ ಚೂರಿನಿಂದ ಮೆಲ್ಲಗೆ ಕೆರೆಯಿರಿ. ಹಿತ್ತಾಳೆ ಉಕ್ಕಿಗಿಂತ ಮೆತ್ತಗೆ, ಗೀರು ಬೀಳಲ್ಲ. ಖರ್ಚು ಸೊನ್ನೆ.

"ನೀನೇ ಹಿಡಿ ಬದಲಾಯಿಸ್ತೀಯಲ್ಲ, ಅದೇನು ಒರಿಜಿನಲ್ಲಾ?" ಅಂತ ಪಂತಿಯಲ್ಲಿ ಒಬ್ಬರು ಕೇಳಿದರು. ಯಾರಾದರೂ ಕೇಳೇ ಕೇಳ್ತಾರೆ, ಗೊತ್ತಿತ್ತು. ಸ್ವಾಮಿ, ಗುದ್ದಲಿಗೆ ಹೊಸ ಕಾವು ಹಾಕಿದರೆ ಗುದ್ದಲಿ ಹೋಯಿತು ಅಂತೀರಾ? ಹಿಡಿ ಇರೋದೇ ಸವೆಯೋಕೆ.

ಹೋದ ತಿಂಗಳು ಗುಜರಿಯಲ್ಲಿ ಒಂದು ಚಾಕು ಸಿಕ್ಕಿತು. ಒಂದು ಕಡೆಯ ಹಿಡಿ ಪೂರ್ತಿ ಉದುರಿತ್ತು. ಮೊಳೆಯ ತಲೆಗಳನ್ನು ಅರದಿಂದ ಉಜ್ಜಿ ಹೊರಗೆ ತಳ್ಳಿದೆ. ಒಳಗಿನ ಹಿತ್ತಾಳೆ ತಗಡೆಲ್ಲ ಹಸಿರು. ಅಲಗು ತಿರುಗುವ ದೊಡ್ಡ ಮೊಳೆಯನ್ನು ಮಾತ್ರ ನಾನು ಯಾವತ್ತೂ ಮುಟ್ಟಲ್ಲ. ಹಿಡಿಗೆ ಕಾಫಿ ಮರ. ತೋಟದಲ್ಲಿ ಕಿತ್ತು ಹಾಕಿದ್ದ ಹಳೇ ರೋಬಸ್ಟಾ ಬುಡ, ಎರಡು ವರ್ಷ ಅಟ್ಟದಲ್ಲಿ ಒಣಗಿತ್ತು. ಗಟ್ಟಿ, ಎಳೆ ನುಣುಪು, ಎಣ್ಣೆ ಹಚ್ಚಿದರೆ ಜೇನಿನ ಬಣ್ಣ. 2 ಮಿ.ಮೀ. ಹಿತ್ತಾಳೆ ತಂತಿ ತೂರಿಸಿ, ಪುಟ್ಟ ಸುತ್ತಿಗೆಯಲ್ಲಿ ಈ ಕಡೆ ನಾಲ್ಕು, ಆ ಕಡೆ ನಾಲ್ಕು ತಟ್ಟಬೇಕು. ನಾನು ಒಂದೇ ಒಂದು ಏಟು ಜಾಸ್ತಿ ಹಾಕಿದೆ. ಟಿಕ್ ಅಂತು, ಮರ ಸೀಳಿತು. ಮತ್ತೆ ಮೊದಲಿಂದ. ಅಲಗಿಗೆ ಮಾತ್ರ ಒಂದು ಗೀರೂ ಬಿದ್ದಿಲ್ಲ.

(ಹಿಡಿಗೆ ಕಡವೆ ಕೊಂಬು ಕೊಡ್ತೀನಿ, ತೋಟದಲ್ಲಿ ಬಿದ್ದಿದ್ದು ಅಂತ ಮೆಸೇಜ್ ಮಾಡುವವರೇ, ಬೇಡ. ಬಿದ್ದ ಕೊಂಬಿಗೂ 1972ರ ವನ್ಯಜೀವಿ ಕಾಯ್ದೆ ಇದೆ. ನನಗೆ ಜೈಲಿನಲ್ಲಿ ಚಾಕು ಕೊಡಲ್ಲ.)

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾ ಅಲ್ಲ. 2009ರಲ್ಲಿ ನಮ್ಮಜ್ಜನ ಚಾಕುವನ್ನು ಗ್ರೈಂಡರಿಗೆ ಕೊಟ್ಟಿದ್ದು ನಾನೇ, ನನ್ನ ಕೈಯಾರೆ. ಕಿಡಿ ಹಾರೋದು ನೋಡಿ ಖುಷಿಪಟ್ಟೆ. ಅಷ್ಟರಲ್ಲಿ ಅಂಚು ನೀಲಿಗೆ ತಿರುಗಿತ್ತು. ಉಕ್ಕು ನೀಲಿಯಾಯಿತು ಅಂದರೆ ಶಾಖ 300 ಡಿಗ್ರಿ ಹತ್ತಿರ ಹೋಗಿದೆ, ಹದ ಕೆಟ್ಟಿತು ಅಂತಲೇ ಲೆಕ್ಕ. ಅಜ್ಜ ಅದರಲ್ಲಿ ದಿನಾ ಅಡಿಕೆ ಕತ್ತರಿಸುತ್ತಿದ್ದರು. ಈಗ ಅದು ಕರೆಂಟ್ ಬಿಲ್ಲಿನ ಕವರ್ ಹರಿಯೋಕೂ ಒದ್ದಾಡುತ್ತದೆ. ಮೇಜಿನ ಡ್ರಾಯರಲ್ಲಿದೆ. ಸುಮ್ನೆ ಆಗಾಗ ತೆಗೆದು ನೋಡಿ ಬೈಸಿಕೊಳ್ಳುತ್ತೇನೆ.

ಹೊರಡುವಾಗ ನೆಂಟರು ಆ ಫಳಫಳ ಚಾಕುವನ್ನು ನನ್ನ ಕೈಗಿಟ್ಟರು. "ಅಲಗು ಹೊಸದಾಯ್ತು, ಹಿಡಿ ಹಳೇದಾಗಿ ಕಾಣ್ತಿದೆ. ನೀನೇ ಒಂದು ಚೆಂದದ್ದು ಹಾಕಿಕೊಡು."

ಈಗ ಇಲ್ಲೇ ಮುಂದಿದೆ. ಹಿಡಿ ಎಮ್ಮೆ ಕೊಂಬಿನದು. ಹೆಬ್ಬೆರಳು ಕೂರುವ ಕಡೆ ಸ್ವಲ್ಪ ತಗ್ಗಾಗಿದೆ. ತಿರುಗಿಸಿ ತಿರುಗಿಸಿ ನೋಡಿದೆ, ಒಂದು ಬಿರುಕೂ ಇಲ್ಲ. ನಾಳೆ ಫೋನ್ ಮಾಡಿ ಏನಂತ ಹೇಳಲಿ?