ಎತ್ತಿಗೆ ಜ್ವರ, ಪ್ರಿಂಟರಿಗೆ ಬರೆ

ನನ್ನ ಲ್ಯಾಪ್‌ಟಾಪಿಗೆ ಇದ್ದಕ್ಕಿದ್ದಂತೆ ಸೋಮಾರಿತನ ಬಡಿಯಿತು. ಬಟನ್ ಒತ್ತಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಪಾಸ್‌ವರ್ಡ್ ಕೇಳುತ್ತಿದ್ದ ಲಿನಕ್ಸ್, ಈಗ ಎರಡು ನಿಮಿಷ ಲೋಗೋ ತೋರಿಸಿಕೊಂಡು ಸುಮ್ನೆ ಕೂತಿರುತ್ತಿತ್ತು.

ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳಲ್ಲಿ, ಅಂದರೆ ಸರ್ವಿಸ್‌ಗಳಲ್ಲಿ, ಯಾವುದು ಶುರುವಾಗಲು ಎಷ್ಟು ಹೊತ್ತು ಹಿಡಿಯಿತು ಅಂತ ಹೇಳುವ ಕಮಾಂಡ್ ಒಂದಿದೆ: ಸಿಸ್ಟಮ್‌ಡಿ-ಅನಲೈಸ್ ಬ್ಲೇಮ್. ತಪ್ಪು ಹೊರಿಸೋದು ಅದರ ಹೆಸರಲ್ಲೇ ಇದೆ, ನನಗೆ ಇನ್ನೇನು ಬೇಕು? ಪಟ್ಟಿಯ ಮೇಲ್ತುದಿಯಲ್ಲಿ ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್, 7 ಸೆಕೆಂಡು. ಪಾಪ, ನೆಟ್ ಬರುವವರೆಗೆ ಕಾಯುವುದೇ ಅದರ ಕೆಲಸ. ಆದರೂ ಡಿಸೇಬಲ್ ಮಾಡಿದೆ. ಆಮೇಲೆ ಬ್ಲೂಟೂತ್. ಆಮೇಲೆ ಪ್ರಿಂಟರ್ ನೋಡಿಕೊಳ್ಳುವ ಕಪ್ಸ್. ಅದನ್ನಂತೂ ಮತ್ತೆ ಏಳಬಾರದು ಅಂತ, ಕೆಲಸ ಬಂದಾಗ ಅದನ್ನು ಎಬ್ಬಿಸುವ ಸಾಕೆಟ್ ಸಮೇತ ಮಲಗಿಸಿದೆ. ಪ್ರತಿ ಸಲ ರೀಸ್ಟಾರ್ಟ್, ಪ್ರತಿ ಸಲ ಅದೇ ಎರಡು ನಿಮಿಷ.

ಬೇಜಾರಾಗಿ ಎಸ್ಕೇಪ್ ಕೀ ಕುಟ್ಟಿದೆ. ಲೋಗೋ ಸರಿಯಿತು. ಅದರ ಹಿಂದೆ ಕಪ್ಪು ಪರದೆಯಲ್ಲಿ ಮೂರು ಕೆಂಪು ಚುಕ್ಕಿಗಳು ಶತಪಥ ಹಾಕುತ್ತಿದ್ದವು! ಪಕ್ಕದಲ್ಲಿ ರೈಲಿನಷ್ಟು ಉದ್ದದ ಗುರುತಿನ ನಂಬರು, ಯುಯುಐಡಿ. ಕೊನೆಗೆ '41 ಸೆಕೆಂಡು / 1 ನಿಮಿಷ 30 ಸೆಕೆಂಡು' ಅಂತ ಎಣಿಕೆ. ಡಿಸ್ಕಿನ ಯಾವುದೋ ತುಂಡಿಗಾಗಿ, ಅಂದರೆ ಪಾರ್ಟಿಷನ್‌ಗಾಗಿ ಅದು ದಾರಿ ಕಾಯುತ್ತಿತ್ತು. 90 ಸೆಕೆಂಡು ಅನ್ನೋದು ಲಿನಕ್ಸಿನಲ್ಲಿ ಎಲ್ಲರನ್ನೂ ಎಬ್ಬಿಸುವ ಸಿಸ್ಟಮ್‌ಡಿ ತಾನಾಗಿ ಇಟ್ಟುಕೊಂಡಿರುವ ಗಡುವು. ಅದು ಮುಗಿದ ಮೇಲೆಯೇ ಆಸೆ ಬಿಟ್ಟು ಮುಂದೆ ಹೋಗುವುದು. ಇಷ್ಟು ದಿನ ಬ್ಲೇಮ್ ಪಟ್ಟಿಯಲ್ಲಿ ಇದರ ಹೆಸರು ಯಾಕಿರಲಿಲ್ಲ ಅಂದರೆ, ಅದು ತಡವಾಗಿಯಾದರೂ ಬಂದವರ ಹಾಜರಿ ಪುಸ್ತಕ. ಬರದೇ ಇದ್ದವರನ್ನು ಅಲ್ಲಿ ಬರೆಯುವುದಿಲ್ಲ.

ಶುರುವಾಗುವಾಗ ಯಾವ ಯಾವ ಪಾರ್ಟಿಷನ್ ಜೋಡಿಸಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲ್ ತೆಗೆದೆ. ರ‍್ಯಾಮ್ ಸಾಲದಾಗ ನೆರವಿಗೆ ಬರುವ ಸ್ವಾಪ್‌ನ ಸಾಲಿನಲ್ಲಿ ಅದೇ ಯುಯುಐಡಿ. ಡಿಸ್ಕಿನಲ್ಲಿರುವ ಸ್ವಾಪ್‌ನದನ್ನು ಪಕ್ಕದಲ್ಲಿಟ್ಟು ಬೆರಳು ಹಿಡಿದು ಓದಿದೆ. ಮೊದಲ ಅಕ್ಷರಕ್ಕೇ ಎರಡೂ ಬೇರೆ. ಜಾಗ ಸಾಲದು ಅಂತ ಹಳೆಯ ಸ್ವಾಪ್ ಪಾರ್ಟಿಷನ್ ಅಳಿಸಿ, ಚಿಕ್ಕದೊಂದನ್ನು ಮಾಡಿದ್ದು ಯಾರು? ನಾನೇ. ಹೊಸದಾಗಿ ಮಾಡಿದರೆ ಯುಯುಐಡಿಯೂ ಹೊಸದು ಅನ್ನೋದನ್ನು ಎಫ್‌ಎಸ್‌ಟ್ಯಾಬ್‌ಗೆ ತಿಳಿಸದವನೂ ನಾನೇ. ಸತ್ತವನ ಹೆಸರಿಗೆ ದಿನಾ ಎಲೆ ಹಾಕಿ ಕಾಯುತ್ತಿತ್ತು ನನ್ನ ಲ್ಯಾಪ್‌ಟಾಪ್.

ಸಾಲು ತಿದ್ದಿದೆ. ರೀಸ್ಟಾರ್ಟ್ ಮಾಡಿದೆ. ಕನ್ನಡಕ ಒರೆಸಲು ಪುರುಸೊತ್ತಾಗಲಿಲ್ಲ. ಖುಷಿಯಲ್ಲಿ ವೇಟ್-ಆನ್‌ಲೈನ್‌ಗೆ ಮಾಫಿ ಕೊಟ್ಟೆ, ಬ್ಲೂಟೂತ್‌ಗೂ ಕೊಟ್ಟೆ.

ಮೂರು ವಾರದ ಮೇಲೆ ಅರ್ಜೆಂಟಾಗಿ ಒಂದು ಫಾರ್ಮ್ ಪ್ರಿಂಟ್ ಮಾಡಬೇಕಿತ್ತು. ಕೇಬಲ್ ಬದಲಿಸಿದೆ, ಟ್ರೇ ಎಳೆದು ಮತ್ತೆ ತುರುಕಿದೆ, ಕಾರ್ಟ್ರಿಜ್ ಅಲ್ಲಾಡಿಸಿ ಕೈಯೆಲ್ಲ ಕಪ್ಪು ಮಾಡಿಕೊಂಡೆ. ಒಂದು ಗಂಟೆ ಪ್ರಿಂಟರಿನ ಜನ್ಮ ಜಾಲಾಡಿದ ಮೇಲೆ ನೆನಪಾಯಿತು, ಸಾಕೆಟ್ ಸಮೇತ ಮಲಗಿಸಿದವನು ಯಾರು ಅಂತ.