ಮೂರೇ ಎಕ್ಸಾ?

ಮೊನ್ನೆ ರಾತ್ರಿ ಊಟದ ಹೊತ್ತಿಗೆ ಭಾವ ಫೋನ್ ಮಾಡಿದರು. ಊಟ ಆಯ್ತಾ ಅಂತಿಲ್ಲ, ಮಳೆ ಹೇಗಿದೆ ಅಂತಿಲ್ಲ. "ಡಿಎಸ್‌ಎಲ್‌ಆರ್ ಕಾಲ ಮುಗೀತಂತೆ ಮಾರಾಯ, ಈಗೇನಿದ್ರೂ ಮಿರರ್‌ಲೆಸ್" ಅಂದರು. ಡಿಎಸ್‌ಎಲ್‌ಆರ್ ಅಂದರೆ ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿ ಇಲ್ಲ. ಅಂಗಡಿ ಅಂಗಡಿ ಅಲೆದು, ಸಿಕ್ಕಿದವರನ್ನೆಲ್ಲ ಕೇಳಿ, ಕೊನೆಗೂ ಒಂದು ಕ್ಯಾಮೆರಾ ಮನಸ್ಸಲ್ಲಿ ಗಟ್ಟಿ ಮಾಡಿಕೊಂಡು ನೆಮ್ಮದಿಯಾಗಿ ಅನ್ನಕ್ಕೆ ಸಾರು ಬಡಿಸಿಕೊಂಡಿದ್ದೆ. ಅವರು ಮಾತು ಮುಗಿಸುವಷ್ಟರಲ್ಲಿ ಸಾರು ಆರಿಹೋಗಿತ್ತು.

ಅವರು ಹೇಳಿದ್ದು ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಿಜ, ಅದೇ ಕಷ್ಟ. ಕ್ಯಾನನ್, ನಿಕಾನ್ ಎರಡೂ 2018ರಲ್ಲೇ ಫುಲ್‌ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ) ಮಿರರ್‌ಲೆಸ್ ಕ್ಯಾಮೆರಾ ಬಿಟ್ಟು ಆ ದಾರಿ ಹಿಡಿದಾಗಿದೆ. ಅದು ಗೊತ್ತಿದ್ದೂ ನಾನು ಡಿಎಸ್‌ಎಲ್‌ಆರ್ ಹುಡುಕುತ್ತಿದ್ದೆ. ನನ್ನ ಬಜೆಟ್ 35 ಸಾವಿರ. ಅಷ್ಟು ದುಡ್ಡಿಗೆ ಹೊಸ ಮಿರರ್‌ಲೆಸ್ ಕೇಳಿದರೆ ಅಂಗಡಿಯವರು ಕ್ಯಾಮೆರಾ ಬ್ಯಾಗ್ ತೋರಿಸುತ್ತಾರೆ.

ಶಿವಮೊಗ್ಗದಲ್ಲಿ ಒಬ್ಬ ಕ್ಯಾಮೆರಾ ತಗೊಳ್ಳುತ್ತಾನೆ ಅಂದರೆ ಸಲಹೆಗೆ ಬರವಿಲ್ಲ. ನಮ್ಮ ಆಫೀಸಿನಲ್ಲಿ ಅರ್ಧ ಜನ ಕ್ಯಾನನ್, ಅರ್ಧ ಜನ ನಿಕಾನ್. ಇವರಲ್ಲಿ ಕ್ಯಾಮೆರಾ ಇರುವುದು ಇಬ್ಬರ ಹತ್ತಿರ ಮಾತ್ರ. ಕ್ಯಾನನ್ 1500ಡಿ 24.1 ಮೆಗಾಪಿಕ್ಸೆಲ್, ನಿಕಾನ್ ಡಿ3500 24.2. ಈ ಪಾಯಿಂಟ್ ಒಂದರ ವ್ಯತ್ಯಾಸಕ್ಕೆ ಕ್ಯಾಂಟೀನಿನಲ್ಲಿ ಎರಡು ರೌಂಡ್ ಕಾಫಿ ಖರ್ಚಾಯಿತು. ಬಿಲ್ ನನ್ನದು. ಕೊನೆಗೆ ಗೆದ್ದದ್ದು ಡಿ3500. ಅದನ್ನು ತಯಾರಿಸುವುದನ್ನೇ ಕಂಪನಿ ನಿಲ್ಲಿಸಿದೆ ಅಂತ ಗೊತ್ತಾಗಿದ್ದು ಆಮೇಲೆ.

ಏನು ಫೋಟೋ ತೆಗೀಬೇಕು ಅಂತಿದೀಯ ಅಂತ ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಮಂಡಗದ್ದೆಯ ಹಕ್ಕಿ. ತೀರ್ಥಹಳ್ಳಿ ರಸ್ತೆಯಲ್ಲಿ, ತುಂಗೆಯ ನಡುವಿನ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವಲ್ಲ, ಅವು.

ಇನ್ನು ಭಾವನ ವಿಷಯ.

ಭಾವನಿಗೆ ಒಂದು ಅಭ್ಯಾಸವಿದೆ. ಯಾವ ಫೋಟೋ ತೋರಿಸಿದರೂ ಅದನ್ನು ನೋಡುವುದಿಲ್ಲ. ಸೀದಾ ಎರಡು ಬೆರಳಿಟ್ಟು ಹಿಗ್ಗಿಸುತ್ತಾರೆ. ಹಿಗ್ಗಿಸಿ, ಹಿಗ್ಗಿಸಿ, ಚಿತ್ರ ಚೌಕ ಚೌಕವಾಗುವ ತನಕ ಬಿಡುವುದಿಲ್ಲ. ಆಮೇಲೆ ತೃಪ್ತಿಯಿಂದ ಫೋನ್ ವಾಪಸ್ ಕೊಟ್ಟು "ಒಡೀತಿದೆ ನೋಡು" ಅನ್ನುತ್ತಾರೆ. ಹೋದ ಮಳೆಗಾಲದಲ್ಲಿ ಜೋಗದ ಫೋಟೋ ತೋರಿಸಿದ್ದೆ. ರಾಜಾ, ರಾಣಿ, ರೋರರ್, ರಾಕೆಟ್, ನಾಲ್ಕೂ ಮೈದುಂಬಿ 253 ಮೀಟರ್ ಕೆಳಗೆ ಬೀಳುತ್ತಿವೆ. ಮಂಜು ಕೂಡ ಆ ಹೊತ್ತಿಗೆ ಕರುಣೆ ತೋರಿಸಿ ಸರಿದಿತ್ತು. ಭಾವ ಜಲಪಾತವನ್ನೆಲ್ಲ ಬದಿಗೆ ತಳ್ಳಿ, ಮೂಲೆಯಲ್ಲಿ ಕಂಬಿಗೆ ಒರಗಿ ಮಂಡಕ್ಕಿ ತಿನ್ನುತ್ತಿದ್ದ ಯಾರನ್ನೋ ಹುಡುಕಿ ಹಿಗ್ಗಿಸಿದರು. "ಮುಖ ಕ್ಲಿಯರ್ ಇಲ್ಲ" ಅಂದರು. ಅವರ ಮದುವೆ ಆಲ್ಬಮ್ ಕಾಗದದ್ದು, ಹಾಗಾಗಿ ಅಕ್ಕ ಬಚಾವ್.

ಆ ಫೋನಿಗೂ ಮುಂಚೆ ಒಂದು ದಿನ ಇಂಥವರು ದುರ್ಗಿಗುಡಿಯ ಅಂಗಡಿಗೆ ನನ್ನ ಜೊತೆ ಬಂದರು. ನಾನು ಕರೆದಿರಲಿಲ್ಲ. ಅಂಗಡಿಯ ಹುಡುಗ 1500ಡಿ ತೆಗೆದು ಮುಂದಿಟ್ಟ. ಜೊತೆಗೆ ಬರುವ ಲೆನ್ಸ್ 18-55, ಅಂದರೆ 18ರಿಂದ 55 ಮಿಲಿಮೀಟರ್. ಅಂಕಿ ಏರಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ.

"ಎಷ್ಟು ಎಕ್ಸ್ ಝೂಮ್?" ಭಾವನ ಮೊದಲ ಪ್ರಶ್ನೆ.

ಪಾಪದ ಹುಡುಗ. ಹಾಗೆಲ್ಲ ಲೆಕ್ಕ ಹಾಕುವುದಿಲ್ಲ ಸಾರ್ ಅನ್ನಬಹುದಿತ್ತು. ಕ್ಯಾಲ್ಕುಲೇಟರ್ ತಗೊಂಡು 55ನ್ನು 18ರಿಂದ ಭಾಗಿಸಿದ. "ಮೂರು ಸಾರ್."

"ಮೂರೇ ಎಕ್ಸಾ?" ಭಾವ ಅಂಗಡಿಯಲ್ಲಿದ್ದವರನ್ನೆಲ್ಲ ಸಾಕ್ಷಿಗೆ ಕರೆಯುವವರ ಹಾಗೆ ಸುತ್ತ ನೋಡಿದರು. ಜೇಬಿನಿಂದ ಫೋನ್ ತೆಗೆದು, ಬಾಗಿಲಿಗೆ ಹೋಗಿ, ರಸ್ತೆಯ ಆ ತುದಿಯಲ್ಲಿದ್ದ ಬೋರ್ಡ್ ಒಂದಕ್ಕೆ ಹಿಡಿದು ಕ್ಲಿಕ್ ಮಾಡಿ ತಂದರು. "ನೋಡು. ಮೂವತ್ತು ಎಕ್ಸ್."

ಅಕ್ಷರಗಳೆಲ್ಲ ಮಳೆಯಲ್ಲಿ ನೆನೆದು ಕರಗಿದಂತಿದ್ದವು. "ಓದೋಕೆ ಆಗ್ತಿದೆಯಾ ಭಾವ?" ಅಂದೆ.

"ಓದೋದ್ಯಾಕೆ? ಅಲ್ಲೇನು ಬರೆದಿದೆ ಅಂತ ನಂಗೆ ಗೊತ್ತಲ್ಲ!"

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಹುಡುಗ ಅಂಗಡಿಯೊಳಗಿನ ಗಣಪತಿ ಫೋಟೋದ್ದೇ ಒಂದು ಫೋಟೋ ತೆಗೆದು ಕ್ಯಾಮೆರಾವನ್ನು ಭಾವನ ಕೈಗೆ ಕೊಟ್ಟ. ಭಾವ ಪರದೆಯ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿದರು. ಗಣಪತಿ ಅಲ್ಲಾಡಲಿಲ್ಲ. ಬೆರಳನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಹಿಗ್ಗಿಸಿದರು. ಇಲ್ಲ. ಈ ಸಲ ಹೆಬ್ಬೆರಳು ಬದಲಾಯಿಸಿದರು. ಪರದೆಗೆ ಬಾಯಿಂದ ಗಾಳಿ ಊದಿ, ಕರ್ಚೀಫಿನಲ್ಲಿ ಉಜ್ಜಿ, ಎಡಗೈಯಲ್ಲಿ ಪ್ರಯತ್ನಿಸಿದರು. ಕೊನೆಗೆ ಧ್ವನಿ ತಗ್ಗಿಸಿ ನನ್ನ ಕಿವಿಯಲ್ಲಿ, "ಪೀಸ್ ಹೋಗಿದೆ ಇದು, ಬೇರೆ ತೆಗೆಸು" ಅಂದರು.

"ಸಾರ್, ಇದು ಟಚ್ ಅಲ್ಲ" ಅಂದ ಹುಡುಗ. 1500ಡಿಯ ಪರದೆ ನಿಜಕ್ಕೂ ಟಚ್ ಅಲ್ಲ. ಹಿಗ್ಗಿಸೋಕೆ ಹಿಂದೆ ಬಲಗಡೆ ಭೂತಗನ್ನಡಿ ಗುರುತಿನ ಬಟನ್ ಇದೆ. ಅದನ್ನು ತೋರಿಸಿಕೊಟ್ಟ. ಭಾವ ಒತ್ತಿದರು. ಗಣಪತಿಯ ಮುಖ ಬಂತು. ಒತ್ತಿದರು. ಸೊಂಡಿಲು. ಒತ್ತಿದರು. ಹಣೆಯ ಕುಂಕುಮ. ಇನ್ನೂ ಒಡೆಯಲಿಲ್ಲ. ಭಾವನ ಮುಖ ಸಪ್ಪಗಾಯಿತು. ಅಷ್ಟು ಕಳವಳದಲ್ಲಿ ನಾನು ಅವರನ್ನು ಅಡಿಕೆ ರೇಟ್ ಬಿದ್ದ ದಿನವೂ ನೋಡಿಲ್ಲ. ಅಂತೂ ಬಟನ್ ಇನ್ನು ಮುಂದೆ ಹೋಗುವುದಿಲ್ಲ ಅನ್ನುವ ಕಡೆಯಲ್ಲಿ ಕುಂಕುಮದ ಅಂಚು ಸ್ವಲ್ಪ ಚೌಕವಾಯಿತು. "ಹ್ಞಾ, ಒಡೀತು!" ಅಂತ ಕ್ಯಾಮೆರಾ ಕೆಳಗಿಟ್ಟು ಕಾಫಿಗೆ ಹೋಗೋಣ ಅಂದರು.

ಕಾಫಿ ಕುಡಿಯುವಾಗ ಅವರ ಫೋನಿನ 108 ಮೆಗಾಪಿಕ್ಸೆಲ್ ಮುಂದೆ 24 ಯಾವ ಲೆಕ್ಕ ಅಂತ ಶುರು ಮಾಡಿದರು. ನಾನು ನನ್ನ ಶಕ್ತಿ ಮೀರಿ ವಿವರಿಸಿದೆ. ಸೆನ್ಸರ್ ಅನ್ನೋದು ಅಂಗಳ ಭಾವ, ಬೆಳಕು ಮಳೆ. ಈ ಕ್ಯಾಮೆರಾದ ಸೆನ್ಸರ್ ಸುಮಾರು 22 ಮಿಲಿಮೀಟರ್ ಉದ್ದ, 15 ಅಗಲ. ಹೆಚ್ಚಿನ ಫೋನಿನದ್ದು ಅದರ ಅರ್ಧ ಉದ್ದವೂ ಇರಲ್ಲ. ದೊಡ್ಡ ಅಂಗಳದಲ್ಲಿ 24 ಹಂಡೆ ಇಟ್ಟಿದಾರೆ, ಚಿಕ್ಕ ಅಂಗಳದಲ್ಲಿ 108 ಲೋಟ ಒತ್ತಿ ಇಟ್ಟಿದಾರೆ. ಯಾವುದ್ರಲ್ಲಿ ನೀರು ಜಾಸ್ತಿ ಹೇಳಿ?

ಭಾವ ಯೋಚಿಸಿದರು. "ನಿಮ್ಮನೆ ಹಂಡೆ ತೂತು ಬಿದ್ದು ವರ್ಷ ಆಯ್ತಲ್ಲ. ಮೊದ್ಲು ಅದನ್ನ ತಗೋ" ಅಂದರು.

ಮನೆಗೆ ಬಂದು ಜಗಲಿಯಲ್ಲಿ ಕೂತರೆ ಎದುರಿಗೆ ಗೋಡೆಯ ಮೇಲೆ ಅಜ್ಜಿ. ಅಜ್ಜಿಯದ್ದು ಅಂತ ನಮ್ಮಲ್ಲಿರುವುದು ಅದೊಂದೇ ಫೋಟೋ. ಯಾರದ್ದೋ ಮದುವೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿದ್ದವಳನ್ನು, ತೀರಿಹೋದ ಮೇಲೆ, ಸ್ಟುಡಿಯೋದವರು ಕತ್ತರಿಸಿ ದೊಡ್ಡದು ಮಾಡಿಕೊಟ್ಟರು. ಕಣ್ಣು ಮಸುಕು. ಮೂಗುತಿ ಬರೀ ಬಿಳಿ ಚುಕ್ಕೆ. ಪಕ್ಕದಲ್ಲಿ ಯಾರದ್ದೋ ಅರ್ಧ ಭುಜ. ಅವಳಿದ್ದಾಗ ಮನೆಗೆ ಕ್ಯಾಮೆರಾ ಬಂದ ದಿನಗಳಲ್ಲಿ ಅವಳು ಅಡುಗೆಮನೆಯಲ್ಲಿರುತ್ತಿದ್ದಳು, ನಾವೂ ಕರೆಯುತ್ತಿರಲಿಲ್ಲ. ಭಾವ ಆ ಫೋಟೋದ ಮುಂದೆ ಎಷ್ಟೋ ಸಲ ಕೂತಿದ್ದಾರೆ. ಒಡೆದಿದೆ ಅಂತ ಒಂದು ದಿನವೂ ಅಂದಿಲ್ಲ. ಅದನ್ನೂ ಇಲ್ಲಿ ಹೇಳಬೇಕು.

ಇರಲಿ. ಹಕ್ಕಿಗೆ ಬರೋಣ. 55ಕ್ಕೆ ನಿಲ್ಲುವ ಲೆನ್ಸಿನಲ್ಲಿ ಮಂಡಗದ್ದೆಯ ಬೆಳ್ಳಕ್ಕಿ ಮರಕ್ಕೆ ಮೆತ್ತಿದ ಸುಣ್ಣದ ಚುಕ್ಕೆ, ಅಷ್ಟೇ. 250, 300ರ ತನಕ ಹೋಗುವ ಲೆನ್ಸ್ ಬೇಕು. ಅಗ್ಗದ ಟೆಲಿ ಲೆನ್ಸ್‌ಗಳು ಆ ತುದಿಗೆ ಹೋದಾಗ ಒಳಗೆ ಬಿಡುವ ಬೆಳಕು ಕಮ್ಮಿ. ಹಕ್ಕಿ ಗೂಡು ಕಟ್ಟುವುದು ಆಕಾಶ ಕಪ್ಪಿಟ್ಟ ತಿಂಗಳಲ್ಲಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿಸಿದರೆ ಫೋಟೋ ತುಂಬ ರವೆ ಚೆಲ್ಲಿದ ಹಾಗೆ ಕಾಳು. ಅಂದರೆ ದುಡ್ಡು ಹಾಕಬೇಕಾದ್ದು ಕ್ಯಾಮೆರಾದ ಬಾಡಿಗಲ್ಲ, ಲೆನ್ಸಿಗೆ. ಇದನ್ನು ಕ್ಯಾಂಟೀನಿನ ಎರಡೂ ಪಕ್ಷದವರು ಹೇಳಿರಲಿಲ್ಲ.

ಹಿರಿಯ ಸಹೋದ್ಯೋಗಿಯೊಬ್ಬರು ಹಳೇ ನಿಕಾನ್ 70-300 ಇದೆ, ಸುಮ್ನೆ ಬಿದ್ದಿದೆ, ತಗೊಂಡು ಹೋಗು ಅಂದಿದ್ದರು. ಆದರೆ ಆ ಕಾಲದ ಲೆನ್ಸಿಗೆ ಸ್ವಂತ ಮೋಟಾರ್ ಇಲ್ಲ. ಬಾಡಿಯಲ್ಲಿ ಮೋಟಾರ್ ಇದ್ದರೆ ಮಾತ್ರ ತಾನಾಗಿ ಫೋಕಸ್ ಆಗುತ್ತದೆ, ಡಿ3500ರಲ್ಲಿ ಅದಿಲ್ಲ. ತಂದು ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಅಂಚಿನಲ್ಲಿ ಬಿಳೀ ಎಳೆಗಳು. ಬೂಷ್ಟು! ಜುಲೈಯಲ್ಲಿ ಚಪ್ಪಲಿ, ಬೆಲ್ಟು, ಕಪಾಟಿನಲ್ಲಿಟ್ಟ ಅಂಗಿ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಲ್ಲಿ ಲೆನ್ಸ್ ಯಾವ ಲೆಕ್ಕ? ಅವರು ಅದನ್ನು ಚರ್ಮದ ಚೀಲದಲ್ಲಿ ಹಾಕಿ ಜೋಪಾನವಾಗಿ ಬೀರುವಿನಲ್ಲಿಟ್ಟಿದ್ದರಂತೆ. ಬೂಷ್ಟಿಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ. ಪುಣ್ಯಕ್ಕೆ ಅಂಚಿನಲ್ಲಿ ಮಾತ್ರ ಇದೆ, ಫೋಟೋದಲ್ಲಿ ಅಷ್ಟು ಗೊತ್ತಾಗುವುದಿಲ್ಲ.

ಭಾವನ ಫೋನ್ ಬಂದ ಮಾರನೇ ದಿನ ತಲೆಗೆ ಹೊಳೆಯಿತು. ಡಿಎಸ್‌ಎಲ್‌ಆರ್ ಕಾಲ ಮುಗಿದಿದ್ದರೆ ಮದುವೆ ಫೋಟೋಗ್ರಾಫರ್‌ಗಳೆಲ್ಲ ಮಿರರ್‌ಲೆಸ್‌ಗೆ ಹೋಗುತ್ತಿದ್ದಾರೆ ತಾನೇ? ಹಾಗಾದರೆ ಅವರ ಹಳೇ ಕ್ಯಾಮೆರಾ ಎಲ್ಲಿ? ತೀರ್ಥಹಳ್ಳಿಯ ಒಬ್ಬರಲ್ಲಿ ನಿಕಾನ್ ಡಿ7200 ಇತ್ತು. 2015ರ ಮಾಡೆಲ್. ಅದೇ 24.2 ಮೆಗಾಪಿಕ್ಸೆಲ್, ಆದರೆ ಫೋಕಸ್ ಪಾಯಿಂಟ್ 51, ಡಿ3500ರಲ್ಲಿ 11. ಮಳೆ ಹನಿ, ಧೂಳಿಗೆ ಒಂದಷ್ಟು ತಡೆ ಇದೆ. ಮುಖ್ಯವಾಗಿ ಒಳಗೆ ಮೋಟಾರ್ ಇದೆ. ಬೆಲೆಯೂ ನನ್ನ ಜೇಬಿಗೆ ಹಿಡಿಯುವಂಥದ್ದು. "ಕಮ್ಮಿ ಬಳಸಿದ್ದು ಸಾರ್, ನಾಮಕರಣಕ್ಕೆ ಮಾತ್ರ ತಗೊಂಡು ಹೋಗ್ತಿದ್ದೆ" ಅಂದರು. ಒಂದು ಫೋಟೋ ಕಳಿಸಿ ಅಂದೆ. ಅದು ಎಷ್ಟನೇ ಕ್ಲಿಕ್ ಅನ್ನೋದನ್ನು ನಿಕಾನ್ ಫೋಟೋ ಫೈಲಿನೊಳಗೇ ಬರೆದಿಡುತ್ತದೆ. ನೋಡಿದರೆ 92 ಸಾವಿರ. ತೀರ್ಥಹಳ್ಳಿಯಲ್ಲಿ ಅಷ್ಟು ಮಕ್ಕಳು ಹುಟ್ಟಿದ್ದೇ ನಂಗೆ ಗೊತ್ತಿರಲಿಲ್ಲ. ಆದರೂ ಪ್ರತಿ ಕ್ಲಿಕ್ಕಿಗೂ ತೆರೆದು ಮುಚ್ಚುವ ಆ ಶಟರ್ ಒಂದೂವರೆ ಲಕ್ಷ ಕ್ಲಿಕ್ಕಿಗೆ ಪರೀಕ್ಷೆಯಾದದ್ದು, ಉಳಿದದ್ದು ನನಗೆ ಸಾಕು. ಸ್ವಲ್ಪ ಚೌಕಾಸಿ ಮಾಡಿ, ಭಾನುವಾರ ಬರ್ತೀನಿ ಅಂದಿದ್ದೇನೆ. ಭಾವನಿಗೆ ಹೇಳಿಲ್ಲ.

ಅಮ್ಮನಿಗೆ ಹೇಳಿದೆ. ಕ್ಯಾಮೆರಾಕ್ಕೆ ಥಂಡಿ ಆಗಬಾರದು ಅಂದಾಗ "ಒಲೆ ಮೇಲಿನ ಅಟ್ಟದಲ್ಲಿಡು, ಬೆಚ್ಚಗಿರುತ್ತೆ" ಅಂದಳು. ಹೊಗೆ ಅಂದರೆ "ನಿಮ್ಮಜ್ಜಿ ಎಲ್ಲಾ ಅಲ್ಲೇ ಇಡ್ತಿದ್ದಿದ್ದು" ಅಂದಳು. ವಾದ ಬೇಡ ಅಂತ ಗಾಂಧಿ ಬಜಾರಿಗೆ ಹೋಗಿ, ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಟ್ಟೆ.

ಇವತ್ತು ಸಂಜೆ ಬಂದು ನೋಡಿದರೆ ಪೊಟ್ಟಣ ಕಿಟಕಿಯ ಮೇಲಿದೆ. ಬೆಳಿಗ್ಗೆ ನೀಲಿ ಇದ್ದ ಹರಳುಗಳು ನಮ್ಮೂರಿನ ಗಾಳಿ ಕುಡಿದು ಗುಲಾಬಿಯಾಗಿವೆ. ಡಬ್ಬಿಯ ತುಂಬ ಹಲಸಿನ ಹಪ್ಪಳ, ಅಂಚಿನವರೆಗೆ.

"ಎಷ್ಟು ಒಳ್ಳೆ ಡಬ್ಬಿ ತಂದಿದೀಯ ಮಗಾ" ಅಂದಳು ಅಮ್ಮ.

ಭಾನುವಾರ ಕ್ಯಾಮೆರಾ ಬಂದರೆ ಎಲ್ಲಿಡೋದಮ್ಮ ಅಂತ ಕೇಳಿದೆ.

"ಅಟ್ಟ ಖಾಲಿ ಆಯ್ತಲ್ಲ."